ಲಾಯದಲ್ಲಿ ಸಹಪಂಕ್ತಿ ಭೋಜನ

"ನಾಲ್ಕು ಕುದುರೆಗೆ ಮೇವು ಹಾಕೋದು ಅದೇನು ಬ್ರಹ್ಮವಿದ್ಯೆಯೇನ್ರೀ? ಅತ್ತಿಗೆ ನೆಮ್ಮದಿಯಾಗಿ ಆಸ್ಪತ್ರೆಗೆ ಹೋಗಲಿ. ಲಾಯ ನಾನು ನೋಡ್ಕೋತೀನಿ!"

ಊಟದ ಮೇಜಿಗೆ ಸೌಟು ಕುಟ್ಟಿ ನಾನು ಹೀಗೆ ಘೋಷಿಸಿದ ಕೂಡಲೇ ನನ್ನ ಗಂಡನಿಗೆ ನೆತ್ತಿ ಹತ್ತಿತು. ನೀರು ಕುಡಿದು, ಎದೆ ನೀವಿಕೊಂಡು, ಕಣ್ಣೊರೆಸಿಕೊಂಡು ಕೇಳಿದರು.

"ನೀನು? ಕುದುರೆ? ಹಿಂದೆ ಪಕ್ಕದ ಮನೆ ಬೆಕ್ಕನ್ನ ನೋಡ್ಕೋತೀನಿ ಅಂತ ಒಪ್ಕೊಂಡು..."

"ಆ ಬೆಕ್ಕಿನ ವಿಷಯ ಬೇಡ. ಅದು ತಾನಾಗೇ ವಾಪಸ್ ಬಂತಲ್ಲ!"

"ಬಂತು. ಅವರು ಹೊಸ ಬೆಕ್ಕು ತಂದ ಮೇಲೆ."

ಇಂಥ ಕ್ಷುಲ್ಲಕ ಮಾತಿಗೆಲ್ಲ ಸೊಪ್ಪು ಹಾಕುವವಳು ನಾನಲ್ಲ. ಸೊಪ್ಪು ಹಾಕುವುದೇನಿದ್ದರೂ ಇನ್ನು ಕುದುರೆಗಳಿಗೆ!

ನನ್ನ ಧೈರ್ಯಕ್ಕೆ ಕಾರಣವಿತ್ತು. ಮೂರು ತಲೆಮಾರಿಗೆ ಒಂದೇ ಒಲೆಯಲ್ಲಿ ಬೇಯಿಸಿ ಹಾಕಿದ ಕೈ ಇದು. ಹಲ್ಲುದುರಿದ ಅತ್ತೆ, ಹಲ್ಲು ಮೂಡುತ್ತಿದ್ದ ಮಗ, ಹಲ್ಲು ಕಡಿಯುವ ಗಂಡ, ಎಲ್ಲರಿಗೂ ಒಂದೇ ಪಾತ್ರೆ, ಒಂದೇ ಹದ, ಒಂದೇ ಹೊತ್ತು. "ನನಗೆ ಖಾರ ಬೇಡ, ನನಗೆ ಮೆತ್ತಗೆ ಬೇಕು" ಎಂಬ ರಾಗಗಳಿಗೆ ನನ್ನ ಅಡುಗೆಮನೆಯಲ್ಲಿ ತಾಳ ಹಾಕುವವರಿಲ್ಲ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಉದ್ದನೆಯ ಮೇಜು. ಗಂಟೆ ಬಾರಿಸಿದರೆ ಎಲ್ಲರೂ ಕೂರಬೇಕು, ಮತ್ತೆ ಬಾರಿಸಿದರೆ ಎಲ್ಲರೂ ಏಳಬೇಕು. ನಡುವೆ ತಟ್ಟೆಯಲ್ಲಿರುವುದು ಏನೆಂದು ಕೇಳುವುದು ಪಾಪ. ಪಂಕ್ತಿಭೇದ ಮಹಾಪಾಪ. ಈ ಶಿಸ್ತಿನಲ್ಲೇ ನಾನು ಬೆಳೆದೆ. ಅಡ್ಡಡ್ಡವಾಗಿಯೂ ಬೆಳೆದೆ.

ಅತ್ತಿಗೆ ಎಂದರೆ ನನ್ನವರ ಅಕ್ಕ. ಊರಾಚೆ ಮಕ್ಕಳಿಗೆ ಕುದುರೆ ಸವಾರಿ ಕಲಿಸುವ ಸಣ್ಣದೊಂದು ಶಾಲೆ ನಡೆಸುತ್ತಾರೆ. ಗಂಡನನ್ನು ಕಟ್ಟಿಕೊಳ್ಳುವ ವಯಸ್ಸಿನಲ್ಲಿ ಕುದುರೆಗಳನ್ನು ಕಟ್ಟಿಕೊಂಡವರು. "ಇವಾದರೆ ಕಟ್ಟಿದ ಕಡೆ ಇರ್ತವೆ" ಎನ್ನುವುದು ಅವರ ಸಮರ್ಥನೆ. ಅವರ ಬಲಮಂಡಿ ಸವೆದು ಎಷ್ಟೋ ಕಾಲವಾಗಿತ್ತು. ಮೆಟ್ಟಿಲನ್ನು ಕೂತುಕೊಂಡೇ ಇಳಿಯುತ್ತಿದ್ದರು, ಒಂದೊಂದೇ, ಹಲ್ಲು ಕಚ್ಚಿಕೊಂಡು. ಮಂಡಿ ಬದಲಾಯಿಸದಿದ್ದರೆ ಇನ್ನು ನಡೆಯುವುದೇ ಅನುಮಾನ ಎಂದು ಡಾಕ್ಟರು ಹೇಳಿದ್ದರು. ಆದರೆ ಪ್ರತಿ ಸಲ ಆಪರೇಷನ್ನಿನ ದಿನ ಹತ್ತಿರ ಬಂದಾಗ ಯಾವುದಾದರೊಂದು ಕುದುರೆ ಅಡ್ಡ ಬರುತ್ತಿತ್ತು. ಒಮ್ಮೆ ಹೆರಿಗೆ. ಒಮ್ಮೆ ಕೆಮ್ಮು. ಒಮ್ಮೆಯಂತೂ ಆಸ್ಪತ್ರೆಯ ಬಟ್ಟೆ ತೊಡಿಸಿ ಮಲಗಿಸಿದ ಮೇಲೆ, "ಅಜ್ಜಿಗೆ ನೆನೆಸಿಟ್ಟಿದ್ದು ಹಾಕೋಕೆ ಹೇಳೋದು ಮರೆತೆ" ಎಂದು ಎದ್ದು, ಅದೇ ಬಟ್ಟೆಯಲ್ಲಿ ಟ್ಯಾಕ್ಸಿ ಹತ್ತಿ ಬಂದುಬಿಟ್ಟಿದ್ದರು! ಅವರ ಮಂಡಿಗಾಗಿ ನಾವು ಮಂಡಿಯೂರಿ ಬೇಡಿದ್ದೂ ಆಗಿತ್ತು. ಈ ಸಲ ಡಾಕ್ಟರು, "ಇನ್ನೊಂದು ಸಲ ಎದ್ದು ಹೋದರೆ ಬೇರೆ ಡಾಕ್ಟರನ್ನ ಹುಡುಕ್ಕೊಳ್ಳಿ" ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಇಂಥ ಹೊತ್ತಿನಲ್ಲೇ ಲಾಯ ನೋಡಿಕೊಳ್ಳುವಾತ ಮಗಳ ಹೆರಿಗೆಗೆಂದು ರಜೆ ಹಾಕಿ ಹೋಗಬೇಕೆ?

ಆ ಸಂಕಟದ ಘಳಿಗೆಯಲ್ಲಿ ಅವತರಿಸಿದವಳೇ ನಾನು!

ಹೊರಡುವ ಮುನ್ನ ಅತ್ತಿಗೆ ಕೋಲೂರಿಕೊಂಡು ಲಾಯದ ಉದ್ದಕ್ಕೂ ನನ್ನನ್ನು ನಡೆಸಿಕೊಂಡು ಹೋದರು. ಮೊದಲ ಅಂಕಣದಲ್ಲಿ ಬಿಳಿಯ ಮುದಿ ಹೆಣ್ಣುಕುದುರೆ, ರೆಪ್ಪೆಗೂದಲೂ ಬೆಳ್ಳಗೆ.

"ಇವಳು ಅಜ್ಜಿ. ಹಲ್ಲೆಲ್ಲಾ ಸವೆದು ಹೋಗಿದೆ. ಒಣಹುಲ್ಲು ಅಗಿಯೋಕಾಗಲ್ಲ. ಏನೇ ಕೊಟ್ರೂ ನೆನೆಸಿ, ಗಂಜಿ ಹಾಗೆ ಮಾಡಿ ಕೊಡಬೇಕು. ತಿನ್ನುವಾಗ ಪಕ್ಕದಲ್ಲಿ ಬೇರೆ ಯಾರೂ ಇರಬಾರದು. ನಿಧಾನವಾಗಿ ತಿಂತಾಳೆ. ನೀನೂ ನಿಧಾನವಾಗಿ ಕಾಯಬೇಕು."

"ಗೊತ್ತಾಯ್ತು ಅತ್ತಿಗೆ. ಥೇಟ್ ನಮ್ಮತ್ತೆ!"

ಅತ್ತಿಗೆ ನನ್ನನ್ನು ದುರುಗುಟ್ಟಿ ನೋಡಿದರು. ನಮ್ಮತ್ತೆ ಅವರ ಹೆತ್ತಮ್ಮ ಎನ್ನುವುದು ನನಗೆ ಹೊಳೆದದ್ದು ಆಮೇಲೆ.

"ಇವಳು ಬಾಣಂತಿ. ಹಾಲು ಕೊಡೋಳು, ಹೊಟ್ಟೆ ತುಂಬಾ ಕಾಳು ಬೇಕು, ಹುಲ್ಲೂ ಬೇಕು. ಇವಳಿಗೆ ಕಮ್ಮಿ ಆದ್ರೆ ಮರಿಗೆ ಕಮ್ಮಿ. ಇಗೋ, ಮರಿ ಇವನು. ಅಮ್ಮನ ಹಾಲೊಂದೇ ಸಾಲದ ವಯಸ್ಸು. ಮೂಳೆ ಬೆಳೀತಿದೆ. ಇವನಿಗೆ ಬೇರೆ ಕಾಳು, ಬೇರೆ ಜಾಗ. ಸ್ವಲ್ಪ ಸ್ವಲ್ಪವೇ ಕೊಡ್ಬೇಕು."

ಕೊನೆಯ ಅಂಕಣದಲ್ಲಿ ಕುಳ್ಳಗೆ, ದುಂಡಗೆ, ಕತ್ತು ಎಲ್ಲಿ ಮುಗಿದು ಮೈ ಎಲ್ಲಿ ಶುರುವಾಯಿತೆಂದು ತಿಳಿಯದ ಒಂದು ತಟ್ಟುಕುದುರೆ ನಿಂತಿತ್ತು. ಹೆಸರು ಗುಂಡಣ್ಣ. ಅನ್ವರ್ಥನಾಮ.

"ಇವನಿಗೆ ಏನು ಹಾಕೋದು?"

"ಒಣಹುಲ್ಲು."

"ಜೊತೆಗೆ?"

"ಇನ್ನೊಂಚೂರು ಒಣಹುಲ್ಲು. ಅದೂ ಅಳೆದು."

"ಕಾಳು?"

"ವಾಸನೆ ಕೂಡ ತೋರಿಸಬೇಡ! ನಡುವಯಸ್ಸು, ಕೆಲಸ ಕಮ್ಮಿ, ಇಪ್ಪತ್ನಾಕು ಗಂಟೆ ತಿನ್ನೋ ಧ್ಯಾನ. ಗಾಳಿ ಕುಡಿದ್ರೂ ಊದ್ತಾನೆ. ಕಾಳು ಜಾಸ್ತಿ ಆದ್ರೆ ಗೊರಸಿಗೆ ಉರಿ ಬಂದು ನಿಲ್ಲೋಕೂ ಆಗಲ್ಲ ಇವನಿಗೆ."

ನನ್ನ ಕರುಳು ಚುರುಕ್ಕೆಂದಿತು. ನಡುವಯಸ್ಸು, ಕೆಲಸ ಕಮ್ಮಿ, ಗಾಳಿ ಕುಡಿದರೂ ಊದುವುದು... ಅರೆ, ಇದು ನನ್ನದೇ ಜೀವನಚರಿತ್ರೆ! ಗುಂಡಣ್ಣ ತಲೆಯೆತ್ತಿ ನನ್ನನ್ನು ನೋಡಿದ. ನಾನು ಗುಂಡಣ್ಣನನ್ನು ನೋಡಿದೆ. ಎರಡು ನೊಂದ ಜೀವಗಳು ಒಂದನ್ನೊಂದು ಗುರುತಿಸಿದವು.

"ನೀನು ನೋಡೋ ನೋಟ ಯಾಕೋ ಸರಿಯಿಲ್ಲ," ಎಂದರು ಅತ್ತಿಗೆ. "ನೋಡಮ್ಮಾ, ಇನ್ನೊಂದ್ಸಲ ಹೇಳ್ತೀನಿ. ವಯಸ್ಸಿಗೆ ತಕ್ಕ ಹಾಗೆ ಬೇರೆ ಬೇರೆ. ಎಲ್ಲಾ ಬೇರೆ ಬೇರೆ ಕಟ್ಟಿ ತಿನ್ನಿಸು. ಆಗುತ್ತಾ? ಆಗಲ್ಲ ಅಂದ್ರೆ ಈಗಲೇ ಹೇಳಿಬಿಡು. ನಾನು ಹೋಗೋದೇ ಇಲ್ಲ."

"ಅತ್ತಿಗೆ, ನೀವು ನಿಶ್ಚಿಂತೆಯಾಗಿ ಹೋಗಿ. ನಾನಿಲ್ವಾ?"

"ಅದೇ ನನ್ನ ಚಿಂತೆ," ಎಂದು ಕಾರು ಹತ್ತಿದರು. ರಕ್ತದಲ್ಲಿ ಸಕ್ಕರೆ ಹತೋಟಿಗೆ ಬರಲಿ ಎಂದು ಆಸ್ಪತ್ರೆಯವರು ಆಪರೇಷನ್ನಿಗೆ ಕೆಲವು ದಿನ ಮೊದಲೇ ಸೇರಿಸಿಕೊಂಡರು.

ಮೊದಲ ದಿನ ನಾನು ಅಕ್ಷರಶಃ ಅತ್ತಿಗೆಯ ಆಜ್ಞಾಧಾರಕಿ. ಬಾಣಂತಿಗೆ ಬಕೆಟ್ಟು, ಮರಿಗೆ ಬೋಗುಣಿ, ಗುಂಡಣ್ಣನಿಗೆ ಹುಲ್ಲಿನ ಸಣ್ಣ ಕಂತೆ. ಅಜ್ಜಿಯ ಮುಂದೆ ಗಂಜಿ ಇಟ್ಟು ಕಾದೆ. ಅಜ್ಜಿ ಒಂದು ಬಾಯಿ ತಿಂದಳು. ಕಣ್ಣು ಮುಚ್ಚಿದಳು. ಏನೋ ಹಳೆಯದನ್ನು ನೆನೆಸಿಕೊಂಡಳು. ಇನ್ನೊಂದು ಬಾಯಿ ತಿಂದಳು. ಅವಳ ಬಕೆಟ್ಟು ಬರಿದಾಗುವಷ್ಟರಲ್ಲಿ ಬಾಣಂತಿಗೆ ಮತ್ತೆ ಹಸಿವು! ಬಾಣಂತಿಗೆ ಹಾಕಿ ಬರುವಷ್ಟರಲ್ಲಿ ಅಜ್ಜಿಯದ್ದು ನೆನೆಸುವ ಹೊತ್ತು! ಗುಂಡಣ್ಣನಂತೂ ತನ್ನ ಕಂತೆಯನ್ನು ಕಣ್ಣು ಮಿಟುಕಿಸುವುದರಲ್ಲಿ ಮುಗಿಸಿ, ಉಳಿದ ಹೊತ್ತೆಲ್ಲ ಬಾಗಿಲನ್ನು ಒದೆಯುತ್ತ ನನ್ನ ಆತ್ಮಸಾಕ್ಷಿಯನ್ನೇ ಒದೆಯುತ್ತಿದ್ದ.

"ರೀ, ಇದು ಶುದ್ಧ ಪಂಕ್ತಿಭೇದ!" ಎಂದೆ.

"ಅದು ಪಥ್ಯ ಕಣೇ."

"ಪಥ್ಯ ಅಂತೆ ಪಥ್ಯ! ನಮ್ಮನೇಲಿ ಯಾರಿಗೆ ಪಥ್ಯ ಮಾಡಿದ್ದೀನಿ? ಎಲ್ಲಾ ಚೆನ್ನಾಗಿಲ್ವಾ?"

ನನ್ನವರು ಬಾಯಿ ತೆರೆದರು. ಮೂವತ್ತು ವರ್ಷಗಳ ಸಂಸಾರ ಕಣ್ಣ ಮುಂದೆ ಹಾದುಹೋಗಿರಬೇಕು. ಮತ್ತೆ ಮುಚ್ಚಿಕೊಂಡರು.

ಮಾರನೆಯ ದಿನವೇ ನಾನು ಲಾಯದಲ್ಲಿ ಸಮಾನತೆಯನ್ನು ಸ್ಥಾಪಿಸಿದೆ. ಅಂಗಳದಲ್ಲಿ ನೀರಿಗೆಂದು ಇಟ್ಟಿದ್ದ ಉದ್ದನೆಯ ಕಲ್ಲುತೊಟ್ಟಿಯನ್ನು ತೊಳೆದೆ. ಬಾಣಂತಿಯ ಓಟ್ಸ್, ಮರಿಯ ಕಾಳು, ಅಜ್ಜಿಯ ತೌಡು, ಗುಂಡಣ್ಣನ ಹುಲ್ಲು, ಎಲ್ಲವನ್ನೂ ಅದರಲ್ಲಿ ಸುರಿದು, ನೀರು ಹೊಯ್ದು, ಸಲಿಕೆಯಿಂದ ಕಲಸಿದೆ. ಅಜ್ಜಿಗೆ ಮೆತ್ತಗೆ ಬೇಕು, ಬಾಣಂತಿಗೆ ಗಟ್ಟಿ ಬೇಕು, ಆದ್ದರಿಂದ ಅರೆಮೆತ್ತಗೆ! ಗಣಿತದಲ್ಲಿ ಇದನ್ನು ಸರಾಸರಿ ಎನ್ನುತ್ತಾರೆ. ಸವಾರಿ ಪಾಠಕ್ಕೆ ಬಾರಿಸುವ ಕಂಚಿನ ಗಂಟೆ ಗೋಡೆಯ ಮೇಲಿತ್ತು. ನನ್ನವರನ್ನು ಕರೆದು, "ಎಲ್ಲಾ ಬಾಗಿಲೂ ತೆಗೀರಿ!" ಎಂದು ಆಜ್ಞಾಪಿಸಿ, ಸಮಾನತೆಯ ಗಂಟೆಯನ್ನು ಢಣಢಣ ಬಾರಿಸಿದೆ.

ನಾಲ್ವರೂ ತೊಟ್ಟಿಯ ಸುತ್ತ ಶಿಸ್ತಾಗಿ ನಿಲ್ಲುವ ಚಿತ್ರ ನನ್ನ ಕಣ್ಣ ಮುಂದಿತ್ತು. ಮನಸ್ಸೆಂಬುದು ಹುಚ್ಚುಕುದುರೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮೊದಲು ಬಂದವನು ಗುಂಡಣ್ಣ. ಬಂದ ಎನ್ನುವುದು ತಪ್ಪು, ಬಿದ್ದ. ತೊಟ್ಟಿಯಲ್ಲಿ ಮೂತಿ ಹುದುಗಿಸಿ ಒಂದು ತುದಿಯಿಂದ ಶುರುಮಾಡಿದವನು ರಸ್ತೆ ಗುಡಿಸುವ ಯಂತ್ರದ ಹಾಗೆ ಇನ್ನೊಂದು ತುದಿಯತ್ತ ಸಾಗತೊಡಗಿದ. ಬಾಣಂತಿ ಬಂದು ಅವನನ್ನು ಕಚ್ಚಿದಳು. ಅವನಿಗೆ ತಿಳಿಯಲೇ ಇಲ್ಲ. ಅವಳು ತಿರುಗಿ ಹಿಂಗಾಲು ಝಾಡಿಸಿದಳು. ಅದು ಗುಂಡಣ್ಣನಿಗೆ ತಾಗದೆ, ಸಮಾಧಾನಪಡಿಸಲು ಬಂದಿದ್ದ ನನ್ನವರ ತೊಡೆಗೆ ತಾಗಿತು. ಅವರು ಕುಂಟುತ್ತ ನೀರಿನ ಟ್ಯಾಂಕಿನ ಮೇಲೆ ಹತ್ತಿ ಕೂತರು. ಮರಿ ಇದೆಲ್ಲ ತನಗಾಗಿ ಏರ್ಪಾಡಾದ ಆಟವೆಂದು ತಿಳಿದು ಅಂಗಳದ ಸುತ್ತ ನಾಗಾಲೋಟ ಓಡಿತು. ಅಜ್ಜಿ ಮಾತ್ರ ಬಸ್ಸಿನ ಬಾಗಿಲಲ್ಲಿ ತಳ್ಳಾಡಲೊಲ್ಲದ ಮರ್ಯಾದಸ್ಥೆಯ ಹಾಗೆ ದೂರದಲ್ಲಿ ನಿಂತಿದ್ದಳು.

"ಇದೇನೇ ಇದು?" ಎಂದು ಟ್ಯಾಂಕಿನ ಮೇಲಿಂದ ಕೂಗು ಬಂತು.

"ಮೊದಲ ದಿನ ಅಲ್ವಾ? ಟೇಬಲ್ ಮ್ಯಾನರ್ಸ್ ಬರೋಕೆ ಟೈಮ್ ಹಿಡಿಯುತ್ತೆ!"

ಮ್ಯಾನರ್ಸ್ ಬರಲಿಲ್ಲ. ಪ್ರತಿ ಗಂಟೆಗೂ ಗುಂಡಣ್ಣ ಮೊದಲು ಬಂದ, ಕೊನೆಗೆ ಹೋದ. ಅಜ್ಜಿಗೆ ತೊಟ್ಟಿಯಲ್ಲಿ ಏನೂ ಉಳಿಯುತ್ತಿರಲಿಲ್ಲವಾದ್ದರಿಂದ, ಪಾಪ ಎಂದು ಒಂದು ಹೊರೆ ಒಣಹುಲ್ಲು ಹಾಕಿದೆ. ಸಂಜೆ ನೋಡಿದರೆ ಅವಳ ಕಾಲ ಬಳಿ ಹುಲ್ಲಿನ ಪುಟ್ಟ ಪುಟ್ಟ ಉಂಡೆಗಳು!

"ರೀ, ಬನ್ನಿ ಇಲ್ಲಿ! ಅಜ್ಜಿ ಎಷ್ಟು ಅಚ್ಚುಕಟ್ಟಾಗಿ ಉಂಡೆ ಕಟ್ಟಿ ಇಟ್ಟಿದ್ದಾಳೆ!"

"ಕಟ್ಟಿಲ್ಲ ಕಣೇ, ಅಗಿಯೋಕಾಗದೆ ಉಗುಳಿದ್ದಾಳೆ!"

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಗಾದೆ. ನನ್ನ ಸಹಪಂಕ್ತಿಯಲ್ಲಿ ಅಜ್ಜಿಗೆ ಎರಡೂ ಇರಲಿಲ್ಲ.

ಇತ್ತ ಅತ್ತಿಗೆಯ ಫೋನು ತಪ್ಪದೆ ಬರುತ್ತಿತ್ತು. ಸುಳ್ಳು ಹೇಳುವುದು ಪಾಪ ಎಂದು ಕಾನ್ವೆಂಟಿನ ಸಿಸ್ಟರುಗಳು ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ್ದರು. ಸತ್ಯವನ್ನು ಅಳೆದು ಕೊಡುವುದು ಪಾಪವೆಂದು ಯಾರೂ ಹೇಳಿರಲಿಲ್ಲ. ಮೇವು ಅಳೆಯದವಳು ಸತ್ಯವನ್ನಾದರೂ ಅಳೆದು ಕೊಟ್ಟೆ.

"ಅಜ್ಜಿ ಹೇಗೆ ತಿಂತಿದ್ದಾಳೆ?"

"ಬಹಳ ಸಾವಕಾಶವಾಗಿ, ಅತ್ತಿಗೆ."

"ಬಾಣಂತಿ?"

"ಕೈಕಾಲು ಚುರುಕಾಗಿದೆ. ನಿಮ್ಮ ತಮ್ಮನ್ನೇ ಕೇಳಿ."

"ಗುಂಡ?"

"ತೃಪ್ತನಾಗಿದ್ದಾನೆ."

ಆ ಕಡೆಯಿಂದ ಬಹಳ ನಿಧಾನವಾಗಿ, "ಗುಂಡ ಹುಟ್ಟಿದಾಗಿನಿಂದ ಒಂದು ದಿನಕ್ಕೂ ತೃಪ್ತನಾಗಿಲ್ಲ. ಏನು ಹಾಕ್ದೆ ಅವನಿಗೆ?"

"ಪ್ರೀತಿ ಅತ್ತಿಗೆ, ಬರೀ ಪ್ರೀತಿ!"

"ನಂಗ್ಯಾಕೋ ಅನುಮಾನ. ನಾನು ಬಂದುಬಿಡ್ಲಾ?"

"ಅಯ್ಯಯ್ಯೋ ಬೇಡ!" ಎಂದು ನಾವಿಬ್ಬರೂ ಒಕ್ಕೊರಲಿನಿಂದ ಕಿರುಚಿದೆವು. ಬಹುಶಃ ಮದುವೆಯಾದ ಮೇಲೆ ನಮ್ಮಲ್ಲಿ ಮೂಡಿದ ಮೊದಲ ಒಮ್ಮತ.

ಆಪರೇಷನ್ನಿನ ಹಿಂದಿನ ದಿನ ನಾನು ಗಂಟೆ ಬಾರಿಸಿದರೆ ಗುಂಡಣ್ಣ ಓಡಿ ಬರಲಿಲ್ಲ. ಒಂದೊಂದೇ ಹೆಜ್ಜೆ ಇಟ್ಟು, ಕೆಂಡದ ಮೇಲೆ ನಡೆಯುವವನ ಹಾಗೆ ಮುಂಗಾಲು ಎತ್ತಿ ಎತ್ತಿ ಇಡುತ್ತ, ಅರ್ಧ ದಾರಿಗೆ ನಿಂತುಬಿಟ್ಟ. ಗೊರಸು ಮುಟ್ಟಿ ನೋಡಿದೆ. ಆಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆ! ಅವನು ನನ್ನನ್ನು ನೋಡಿದ. ಈ ಸಲ ಆ ನೋಟದಲ್ಲಿ ಸಹಾನುಭೂತಿ ಇರಲಿಲ್ಲ. ನನ್ನವರನ್ನು ಕೂಗಿ ಕರೆದೆ. ಪಶುವೈದ್ಯರಿಗೆ ಫೋನು ಮಾಡಿದೆವು.

ಅವರು ಬಂದು ಗೊರಸು ನೋಡಿದರು, ಅಜ್ಜಿಯ ಪಕ್ಕೆಲುಬು ತಡವಿದರು, ತೊಟ್ಟಿಯೊಳಗೆ ಇಣುಕಿದರು.

"ಈ ತಟ್ಟುಕುದುರೆಗೆ ಕಾಳು ಕೊಟ್ರಾ?"

"ನಾವು ಕೊಟ್ಟಿಲ್ಲ ಡಾಕ್ಟ್ರೇ. ಅವನೇ ತಗೊಂಡ."

"ಎಷ್ಟು?"

"ಎಲ್ಲರದ್ದೂ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅಲ್ಲಮ್ಮಾ, ಮುದುಕಿ, ಬಾಣಂತಿ, ಎಳೆಯದು, ಕೆಲಸವಿಲ್ಲದ ಡುಮ್ಮಣ್ಣ, ನಾಲ್ಕಕ್ಕೂ ಒಂದೇ ತೊಟ್ಟೀಲಿ ಹಾಕಿದೀರಲ್ಲ! ಮನೇಲೂ ಹೀಗೇ ಮಾಡ್ತೀರಾ? ಎಲ್ಲರಿಗೂ ಒಂದೇ ಅಡುಗೆ?"

"ಹೌದು!" ಎಂದೆ, ಎದೆಯುಬ್ಬಿಸಿ.

ಡಾಕ್ಟರು ನನ್ನವರ ಕಡೆ ತಿರುಗಿದರು. ನನ್ನವರು ತಲೆ ತಗ್ಗಿಸಿ ಹೌದೆಂದು ಆಡಿಸಿದರು. ಡಾಕ್ಟರು ಅವರ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟರು. ಅಂಥ ಸಾಂತ್ವನ ಅವರಿಗೆ ಇದುವರೆಗೆ ಮನುಷ್ಯವೈದ್ಯರಿಂದಲೂ ಸಿಕ್ಕಿರಲಿಲ್ಲ.

ಪುಣ್ಯಕ್ಕೆ ಬೇಗ ಗೊತ್ತಾಯಿತಂತೆ. ಇಂಜೆಕ್ಷನ್ ಕೊಟ್ಟು, ಮುಂಗಾಲನ್ನು ತಣ್ಣೀರಿನ ಟಬ್ಬಿನಲ್ಲಿ ಇರಿಸಲು ಹೇಳಿ, ಕಾಳು ಬಂದ್ ಎಂದು ಸಾರಿದರು. ಅಜ್ಜಿಗೆ ಮತ್ತೆ ಗಂಜಿ, ಬೇರೆಯಾಗಿ. ಆಮೇಲೆ ಜೇಬಿನಿಂದ ಫೋನು ತೆಗೆದರು.

"ನಿಮ್ಮ ಅತ್ತಿಗೆಗೆ ಒಂದು ಮಾತು ಹೇಳಿಬಿಡ್ತೀನಿ."

"ಬೇಡಿ ಡಾಕ್ಟ್ರೇ, ನಿಮ್ಮ ದಮ್ಮಯ್ಯ!" ಎಂದೆ. ಈ ಸಲ ನನ್ನ ದನಿಯಲ್ಲಿ ನಾಟಕವಿರಲಿಲ್ಲ. "ಹೇಳಿದ್ರೆ ಎದ್ದು ಬಂದೇಬಿಡ್ತಾರೆ. ನಾಳೆ ಬೆಳಿಗ್ಗೆ ಆಪರೇಷನ್. ಇದೊಂದು ತಪ್ಪಿಸ್ಕೊಂಡ್ರೆ ಅವರು ಇನ್ನು ಯಾವತ್ತೂ ಹೋಗಲ್ಲ. ಮೆಟ್ಟಿಲು ಇಳಿಯೋದು ನೋಡಿದೀರಾ ಅವರು?"

ಡಾಕ್ಟರು ನೋಡಿದ್ದರು. ಫೋನು ಜೇಬಿಗೆ ಹೋಯಿತು. "ನಾಳೆ ಮುಗಿಯೋವರೆಗೆ ನಾನಾಗಿ ಹೇಳಲ್ಲ. ಕೇಳಿದ್ರೆ ಸುಳ್ಳೂ ಹೇಳಲ್ಲ."

ಆ ಸಂಜೆ ನಾನು ಅಜ್ಜಿಯ ಪಕ್ಕ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು ಅವಳು ತಿನ್ನುವುದನ್ನು ಕಾದೆ. ಅವಳು ಒಂದು ಬಾಯಿ ತಿಂದಳು, ಕಣ್ಣು ಮುಚ್ಚಿದಳು. ನಾನು ಅವಸರ ಮಾಡಲಿಲ್ಲ. ಅವಸರ ಮಾಡುವ ಮುಖವೂ ನನಗಿರಲಿಲ್ಲ.

ಬೆಳಗಾಯಿತು. ಇನ್ನೇನು ಕೆಲವೇ ಹೊತ್ತು. ಅತ್ತಿಗೆಯನ್ನು ಒಳಗೆ ಕರೆದೊಯ್ದರೆ ಗೆದ್ದಂತೆ! ಉಳಿದದ್ದು ಮರಿಯ ತಿಂಡಿಯೊಂದೇ.

ಮರಿ ತಿನ್ನುವ ಜಾಗದ ಬಗ್ಗೆ ಇಲ್ಲಿ ಹೇಳಲೇಬೇಕು. ಲಾಯದ ಮೂಲೆಯಲ್ಲಿ ನೆಲದಿಂದ ಮಾಡಿನವರೆಗೆ ಕಬ್ಬಿಣದ ಕಂಬಿಗಳನ್ನು ನೆಟ್ಟು ಮಾಡಿದ ಒಂದು ಪುಟ್ಟ ಕೋಣೆ. ಕಂಬಿಗಳ ನಡುವೆ ಒಂದೇ ಒಂದು ಅಗಲವಾದ ಸಂದಿ. ಮರಿ ಅದರಲ್ಲಿ ಸಲೀಸಾಗಿ ತೂರಿ ಹೋಗಿ ತಿಂದು ಬರುತ್ತದೆ, ದೊಡ್ಡವುಗಳಿಗೆ ಪ್ರವೇಶವಿಲ್ಲ. ಕಾಳನ್ನು ಹೊರಗಿನಿಂದಲೇ ಕಂಬಿಯ ನಡುವೆ ಕೈಹಾಕಿ ಸುರಿಯಬೇಕು. ಶುಚಿ ಮಾಡಲು ಒಂದು ಬಾಗಿಲಿದೆ, ಆದರೆ ಗುಂಡಣ್ಣ ಚಿಲಕ ತೆಗೆಯಲು ಕಲಿತ ಮೇಲೆ ಅದಕ್ಕೆ ಬೀಗ. ಕೀ ಅತ್ತಿಗೆಯ ಗೊಂಚಲಿನಲ್ಲಿ, ಗೊಂಚಲು ಆಸ್ಪತ್ರೆಯಲ್ಲಿ.

ಮರಿಯ ಬೋಗುಣಿ ಸಂದಿಗೆ ತೀರಾ ಹತ್ತಿರವಿದ್ದುದು ನನ್ನ ಕಣ್ಣಿಗೆ ಬಿತ್ತು. ಗುಂಡಣ್ಣ ಕತ್ತು ಚಾಚಿದರೆ ಎಟುಕೀತು! ಪಾಠ ಕಲಿತ ಹೊಸ ವಿದ್ಯಾರ್ಥಿನಿಯ ಉತ್ಸಾಹ ನನ್ನದು. ಕಾಳಿನ ಬಕೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು, ಸಂದಿಯೊಳಗೆ ಒಂದು ಕಾಲಿಟ್ಟು, ಬೋಗುಣಿಯನ್ನು ಹಿಂದಕ್ಕೆ ತಳ್ಳಲು ಬಗ್ಗಿದೆ.

ಗುಂಡಣ್ಣ ಅಂಗಳದಲ್ಲಿ ಟಬ್ಬಿನಲ್ಲಿ ಕಾಲಿಟ್ಟುಕೊಂಡು ಋಷಿಯಂತೆ ನಿಂತಿದ್ದ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ಮನುಷ್ಯರಿಗೆ. ಕಾಳು ಕಂಡರೆ ಕುದುರೆಗೆ ಇದ್ದ ಕಾಲುನೋವೂ ಮಾಯ! ಟಬ್ಬು ಮಗುಚಿದ ಸದ್ದು ಕೇಳಿತು. ತಿರುಗಿ ನೋಡುವಷ್ಟರಲ್ಲಿ ಅವನ ಹಣೆ ನನ್ನ ಹಿಂಭಾಗಕ್ಕೆ ಬಂದು ಆನಿತು. ಒಂದು ತಳ್ಳು. ಇನ್ನೊಂದು ತಳ್ಳು. ಮೂರನೆಯದಕ್ಕೆ ಬಾಟಲಿಯೊಳಗೆ ಬಿರಡೆ ಇಳಿದಂತೆ ನಾನು ಒಳಗೆ ಇಳಿದೆ. ಬಕೆಟ್ಟು ಹೊರಗೆ ಬಿತ್ತು!

"ರೀಽಽ! ಮೊದಲು ಆ ಬಕೆಟ್ ಎತ್ತಿ! ಅವನು ಬಾಯಿ ಹಾಕಬಾರದು!"

ನನ್ನವರು ಓಡಿ ಬಂದು ಬಕೆಟ್ಟು ಎತ್ತಿದರು, ಚೆಲ್ಲಿದ್ದನ್ನು ಬಾಚಿದರು, ಗುಂಡಣ್ಣನನ್ನು ಎಳೆದೊಯ್ದು ಮತ್ತೆ ಟಬ್ಬಿನಲ್ಲಿ ನಿಲ್ಲಿಸಿ ಕಟ್ಟಿದರು. ಆಮೇಲೆ ಬಂದು ನನ್ನನ್ನು ನೋಡಿದರು. ನಾನು ಕಂಬಿ ಎಣಿಸುತ್ತಿದ್ದೆ.

"ಬಾ ಹೊರಗೆ."

"ಆಗ್ತಿಲ್ಲ."

"ಒಳಗೆ ಹೋದ ದಾರೀಲೇ ಬಾರೇ."

"ಒಳಗೆ ಬಂದಿದ್ದು ಅಶ್ವಶಕ್ತಿಯಿಂದ. ಹೊರಗೆ ಬರೋಕಿರೋದು ಬರೀ ಸ್ತ್ರೀಶಕ್ತಿ!"

ಅವರು ನನ್ನ ಕೈ ಹಿಡಿದು ಎಳೆದರು. ಕೈ ಬಂತು, ನಾನು ಬರಲಿಲ್ಲ. ಉಸಿರು ಬಿಡು ಎಂದರು. ಬಿಟ್ಟೆ. ಎಳೆದುಕೊಳ್ಳಲು ನೆನಪಾದಾಗ ಅರ್ಧದಲ್ಲಿ ಸಿಕ್ಕಿಕೊಂಡಿದ್ದೆ. ಮತ್ತೆ ಒಳಕ್ಕೇ ತಳ್ಳಿದರು.

"ಎಣ್ಣೆ ತರ್ಲಾ?"

"ನಾನೇನು ತುಕ್ಕು ಹಿಡಿದ ಬೀಗವೇನ್ರೀ?"

ಅಷ್ಟರಲ್ಲಿ ಮರಿ ಕುಣಿಯುತ್ತ ಬಂದು, ಅದೇ ಸಂದಿಯಲ್ಲಿ ಸುಯ್ಯೆಂದು ಒಳಗೆ ತೂರಿ, ನನ್ನನ್ನೊಮ್ಮೆ ಮೂಸಿ, ಸುಯ್ಯೆಂದು ಹೊರಗೆ ಹೋಗಿ ತೋರಿಸಿತು. ಇಷ್ಟು ಸುಲಭ ಎಂಬಂತೆ!

ಆಗ ಫೋನು ಬಡಿದುಕೊಂಡಿತು. ಅತ್ತಿಗೆ. ವಿಡಿಯೋ ಕಾಲ್!

"ಎತ್ತಬೇಡಿ!" ಎಂದೆ.

"ಎತ್ತದಿದ್ರೆ ಎದ್ದೇ ಬರ್ತಾಳೆ!" ಎಂದು ನನ್ನವರು ಎತ್ತಿಯೇಬಿಟ್ಟರು.

"ಏನೋ, ಎಲ್ಲಾ ಸರಿ ಇದೆಯಾ?" ಅತ್ತಿಗೆಯ ದನಿ. ಹಿಂದಿನಿಂದ ನರ್ಸಮ್ಮ, "ಮೇಡಂ, ಡಾಕ್ಟರು ಕಾಯ್ತಿದ್ದಾರೆ, ಸ್ಟ್ರೆಚರ್ ಹತ್ತಿ" ಎಂದು ಗೋಗರೆಯುತ್ತಿದ್ದರು. "ಹತ್ತಲ್ಲ. ನಾಲ್ಕು ಮುಖ ನೋಡದೆ ನಾನು ಎಲ್ಲೂ ಹತ್ತಲ್ಲ. ತೋರಿಸೋ."

ನನ್ನವರು ಅಜ್ಜಿಯನ್ನು ತೋರಿಸಿದರು. "ಸ್ವಲ್ಪ ಇಳಿದಿದ್ದಾಳೆ," ಎಂದರು ಅತ್ತಿಗೆ. ಬಾಣಂತಿಯನ್ನು ತೋರಿಸಿದರು. ಮರಿಯನ್ನು ತೋರಿಸಿದರು. ಗುಂಡಣ್ಣನ ಮುಖವನ್ನು ಮಾತ್ರ ಬಹಳ ಹತ್ತಿರದಿಂದ ತೋರಿಸಿದರು. ಮೂಗಿನ ಹೊಳ್ಳೆಯೇ ಪರದೆ ತುಂಬ.

"ಕೆಳಗೆ ಹಿಡಿ."

"ನೆಟ್‌ವರ್ಕ್ ಸರಿ ಇಲ್ಲ ಅಕ್ಕ..."

"ಕೆಳಗೆ ಹಿಡಿಯೋ! ಅದೇನು ನೀರಿನ ಸದ್ದು? ಟಬ್ಬಾ? ಅವನ ಕಾಲು ಟಬ್ಬಲ್ಲಿ ಯಾಕಿದೆ? ಕಾಳು ಹಾಕಿದ್ದಾಳೆ! ನಂಗೊತ್ತಿತ್ತು! ನರ್ಸಮ್ಮಾ, ನನ್ನ ಸೀರೆ ಕೊಡಿ. ಹೊರಟೆ ನಾನು."

"ಅತ್ತಿಗೆ, ಬೇಡಿ!" ಎಂದು ಕಂಬಿಗಳಾಚೆಯಿಂದ ಕೂಗಿದೆ. "ಡಾಕ್ಟ್ರು ನೋಡಿದ್ದಾರೆ, ಗುಣ ಆಗ್ತಿದ್ದಾನೆ. ತಪ್ಪೆಲ್ಲಾ ನಂದು. ದಯವಿಟ್ಟು ಸ್ಟ್ರೆಚರ್ ಹತ್ತಿ!"

"ಎಲ್ಲಿದ್ದಾಳೆ ಅವಳು? ತೋರಿಸು ಆ ಮುಖ."

ನನ್ನವರು ನನ್ನನ್ನು ನೋಡಿದರು. ನಾನು ಬೇಡವೆಂದು ಕೈಮುಗಿದೆ. ಅಕ್ಕನ ಮಾತು ಮೀರದ ತಮ್ಮ, ಫೋನನ್ನು ನನ್ನತ್ತ ತಿರುಗಿಸಿದರು. ಎರಡು ಕಂಬಿಗಳನ್ನು ಎರಡು ಕೈಯಲ್ಲಿ ಹಿಡಿದು, ತಲೆಗೂದಲಲ್ಲಿ ಹೊಟ್ಟು ಸಿಕ್ಕಿಸಿಕೊಂಡು, ಕಾನ್ವೆಂಟ್ ಕಲಿಸಿದ ಒಂದು ಸಭ್ಯ ಮುಗುಳ್ನಗೆ ನಕ್ಕೆ.

ಅತ್ತಿಗೆಯ ಮುಖ ಪರದೆಗೆ ತೀರಾ ಹತ್ತಿರ ಬಂತು.

"ಬಾಗಿಲಿಗೆ ಬೀಗ ಇದೆ ತಾನೆ?" ಎಂದರು ಅತ್ತಿಗೆ.

"ಇದೆ ಅಕ್ಕ."

"ಸಂದೀಲಿ ಬರೋಕಾಗ್ತಿಲ್ವಾ?"

"ಎಳೆದು ನೋಡಿದೆ. ಆಗ್ತಿಲ್ಲ."

"ಕಾಳಿನ ಮೂಟೆ ಅವಳ ಕೈಗೆ ಎಟುಕುತ್ತಾ?"

"ಇಲ್ಲ."

ಅತ್ತಿಗೆ ಒಂದು ನಿಟ್ಟುಸಿರು ಬಿಟ್ಟರು. ಎಷ್ಟೋ ಕಾಲದಿಂದ ಎದೆಯ ಮೇಲೆ ಹೇರಿಕೊಂಡಿದ್ದ ಭಾರ ಇಳಿದಂಥ ನಿಟ್ಟುಸಿರು.

"ನರ್ಸಮ್ಮಾ, ಸೀರೆ ಬೇಡ. ಸ್ಟ್ರೆಚರ್ ತನ್ನಿ. ಇಷ್ಟು ನಿಶ್ಚಿಂತೆಯಾಗಿ ನಾನು ಯಾವತ್ತೂ ಮಲಗಿರಲಿಲ್ಲ."

"ಅಕ್ಕ, ಕೀ? ನಾನು ಈಗ್ಲೇ ಬಂದು ತಗೊಂಡು ಹೋಗ್ಲಾ?" ಎಂದರು ನನ್ನವರು.

"ಏನೂ ಅವಸರ ಇಲ್ಲ ಕಣೋ," ಎಂದರು ಅತ್ತಿಗೆ. ಸ್ಟ್ರೆಚರಿನ ಗಾಲಿಗಳು ಆಗಲೇ ಉರುಳುತ್ತಿದ್ದವು. "ಹೊಸ ಮಂಡಿಯಲ್ಲಿ ನಾನೇ ನಡ್ಕೊಂಡು ಬಂದು ತೆಗೀತೀನಿ!"